40×60 ಖಾಲಿ ಸೈಟಿನಲ್ಲಿ ವರ್ಷವಿಡೀ ಮನೆ ತರಕಾರಿ: ಮೈಸೂರಿನ ಮಳೆ ನೋಡಿಕೊಂಡು ಬೆಳೆಯುವ ಕ್ರಮ

ಮೈಸೂರಿನ ಹೊಸ ಬಡಾವಣೆಗಳಲ್ಲಿ ನಾಲ್ಕು ಮನೆ ದಾಟಿದರೆ ಒಂದು ಖಾಲಿ ಸೈಟು ಸಿಗುತ್ತದೆ. ಅದರ ತುಂಬ ಪಾರ್ಥೇನಿಯಂ, ಯಾರೋ ಸುರಿದು ಹೋದ ಇಟ್ಟಿಗೆ ಚೂರು, ಪ್ಲಾಸ್ಟಿಕ್ಕು. ಬೋಗಾದಿ ಕಡೆ ನಮ್ಮ ಮನೆ ಪಕ್ಕದಲ್ಲೂ ಅಂಥದ್ದೊಂದು 40×60 ಸೈಟಿತ್ತು. ಮಾಲೀಕರು ಬೇರೆ ಊರಿನಲ್ಲಿದ್ದಾರೆ, ಸದ್ಯಕ್ಕೆ ಮನೆ ಕಟ್ಟುವ ಯೋಚನೆ ಅವರಿಗಿರಲಿಲ್ಲ. ಕೇಳಿದೆವು, ಒಪ್ಪಿದರು. ಈಗ ಐದು ವರ್ಷವಾಯಿತು. ನಾನು, ನಮ್ಮೆಜಮಾನರು, ಅತ್ತೆ, ಇಬ್ಬರು ಮಕ್ಕಳು, ಇಷ್ಟು ಜನ ಉಣ್ಣುವ ಸೊಪ್ಪು ತರಕಾರಿಯಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತದೆ. ಈರುಳ್ಳಿ, ಆಲೂಗಡ್ಡೆ ಮಾತ್ರ ಅಂಗಡಿಯದು.

ಬಹಳ ಜನ ಕೇಳುತ್ತಾರೆ, ಯಾವ ತಿಂಗಳು ಏನು ಹಾಕಬೇಕು ಅಂತ. ಬೀಜದ ಪೊಟ್ಟಣದ ಹಿಂದೆ ಬರೆದಿರುವುದನ್ನೋ, ಬೇರೆ ಊರಿನವರು ಮಾಡಿದ ವಿಡಿಯೋವನ್ನೋ ನೋಡಿ ಹಾಕಿದರೆ ಇಲ್ಲಿ ಸರಿಹೋಗುವುದಿಲ್ಲ. ಮೈಸೂರು, ಮಂಡ್ಯದಲ್ಲಿ ಮಳೆ ವರ್ಷಕ್ಕೆ ಎರಡು ಸಲ ಜೋರಾಗಿ ಬರುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಒಂದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದಸರೆ ಹೊತ್ತಿಗೆ ಹೊಯ್ಯುವ ಮಳೆ ಇನ್ನೊಂದು. ನಡುವಿನ ಜೂನ್, ಜುಲೈ, ಆಗಸ್ಟ್ ಅಂದರೆ ಬರೀ ಮೋಡ, ಗಾಳಿ, ತುಂತುರು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜುಲೈ ಹೇಗಿರುತ್ತದೋ ಇಲ್ಲಿ ಹಾಗಿರುವುದಿಲ್ಲ. ಈ ಎರಡು ಮಳೆಯನ್ನು ಹಿಡಿದುಕೊಂಡು ಕೆಲಸ ಮಾಡಿದರೆ ಅರ್ಧ ನೀರು, ಅರ್ಧ ಔಷಧಿ ಉಳಿಯುತ್ತದೆ.

ಮೊದಲು ಮಾತು, ಆಮೇಲೆ ಗುದ್ದಲಿ

ಸೈಟು ಯಾರದ್ದೋ, ಬೆವರು ನಿಮ್ಮದು. ಆದ್ದರಿಂದ ಮಾಲೀಕರ ಜೊತೆ ಒಂದು ಬಿಳಿ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ವರ್ಷ, ಬಾಡಿಗೆ ಇದೆಯಾ ಇಲ್ಲವಾ, ಜಾಗ ಬೇಕೆಂದಾಗ ಎಷ್ಟು ತಿಂಗಳು ಮುಂಚೆ ಹೇಳಬೇಕು. ನಾವು ನಾಲ್ಕು ತಿಂಗಳು ಅಂತ ಬರೆದುಕೊಂಡಿದ್ದೇವೆ, ಯಾಕೆಂದರೆ ಒಂದು ಬದನೆ ಬೆಳೆ ಮುಗಿಯಲು ಕನಿಷ್ಠ ಅಷ್ಟು ದಿನ ಬೇಕು. ನುಗ್ಗೆ, ಪರಂಗಿ, ತೆಂಗು ಮುಂತಾದ ಮರ ನೆಡಬೇಡಿ. ಮಾಲೀಕರಿಗೆ ಅನುಮಾನ ಬರುತ್ತದೆ, ಅದು ನ್ಯಾಯವೂ ಹೌದು.

ನೀರಿನ ಲೆಕ್ಕವನ್ನೂ ಮೊದಲೇ ಹಾಕಿ. ಬೇಸಿಗೆಯಲ್ಲಿ 100 ಚದರ ಅಡಿ ತರಕಾರಿಗೆ ದಿನಕ್ಕೆ ಸುಮಾರು 40 ಲೀಟರ್ ಬೇಕು. ಚಳಿಗಾಲದಲ್ಲಿ ಅದಕ್ಕಿಂತ ಬಹಳ ಕಡಿಮೆ ಸಾಕು. ಕುಡಿಯುವ ನಲ್ಲಿ ನೀರನ್ನು ಗಿಡಕ್ಕೆ ಬಿಡುವುದು ನನಗಂತೂ ಮನಸ್ಸಿಗೆ ಒಪ್ಪದು. ನಮ್ಮದು ಬೋರ್ ನೀರು, ಜೊತೆಗೆ ತಾರಸಿ ಮೇಲೆ ಬಿದ್ದ ಮಳೆ ನೀರು. 1000 ಚದರ ಅಡಿ ತಾರಸಿ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,300 ಲೀಟರ್ ನೀರು. ಎರಡು ಮೂರು ಹಳೇ ಡ್ರಮ್ಮು ಇಟ್ಟರೂ ಒಳ್ಳೆಯದೇ. ಬಾಯಿಗೆ ಬಲೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ.

ನೆಲ ಹದ ಮಾಡುವುದು: ಮಾರ್ಚ್, ಏಪ್ರಿಲ್

ಶುರು ಮಾಡಲು ಒಳ್ಳೆಯ ಕಾಲ ಯುಗಾದಿ ಆಸುಪಾಸು. ಪಾರ್ಥೇನಿಯಂ ಅನ್ನು ಹೂ ಬಿಡುವ ಮುಂಚೆ ಬೇರು ಸಮೇತ ಕೀಳಬೇಕು. ಕೈಗವಸು, ಮೂಗಿಗೆ ಬಟ್ಟೆ, ಕಾಲಿಗೆ ಬೂಟು ಕಡ್ಡಾಯ. ಅದರಿಂದ ಮೈ ತುರಿಕೆ, ಉಬ್ಬಸ ಬರುವವರಿದ್ದಾರೆ. ಪೊದೆಯಲ್ಲಿ ಹಾವು ಇರುತ್ತದೆ, ಕೋಲಿನಿಂದ ಸದ್ದು ಮಾಡುತ್ತಾ ನಿಧಾನಕ್ಕೆ ಹೋಗಿ. ಮಕ್ಕಳನ್ನು ಈ ಹಂತದಲ್ಲಿ ಒಳಗೆ ಬಿಡಬೇಡಿ.

ಕಲ್ಲು, ಇಟ್ಟಿಗೆ ಆರಿಸಿ ಒಂದು ಮೂಲೆಗೆ ಹಾಕಿ. ಆಮೇಲೆ ಓಡಾಡುವ ದಾರಿಗೆ ಅದೇ ಬರುತ್ತದೆ. ನೆಲವನ್ನು ಮುಕ್ಕಾಲು ಅಡಿ ಆಳ ಅಗೆದು ಹೆಂಟೆ ಒಡೆಯದೆ ಹಾಗೇ ಬಿಸಿಲಿಗೆ ಬಿಡಿ. ಮೂರು ವಾರದ ಬೇಸಿಗೆ ಬಿಸಿಲು ಎಷ್ಟೋ ಹುಳು, ಕಳೆ ಬೇರುಗಳನ್ನು ಒಣಗಿಸಿಬಿಡುತ್ತದೆ. ಇದೇ ಹೊತ್ತಿಗೆ ಮಣ್ಣು ಪರೀಕ್ಷೆ ಮಾಡಿಸಿ. ಐದಾರು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಟ್ಟರೆ ಸಾಕು. ಎಲ್ಲಿ ಕೊಡಬೇಕು ಅಂತ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಮಡಿ ಎಷ್ಟು ಅಗಲ ಇರಬೇಕು? ನಾಲ್ಕು ಅಡಿ. ಆ ಕಡೆ ಈ ಕಡೆ ಕೂತು ಕೈ ಚಾಚಿದರೆ ಮಧ್ಯ ಸಿಗಬೇಕು, ಮಡಿಯೊಳಗೆ ಯಾರೂ ಕಾಲಿಡಬಾರದು. ನಮ್ಮದು ನಾಲ್ಕು ಅಡಿ ಅಗಲ, 20 ಅಡಿ ಉದ್ದದ ಹತ್ತು ಏರುಮಡಿ, ನಡುವೆ ಒಂದೂವರೆ ಅಡಿ ದಾರಿ. ಉಳಿದ ಅಂಚಿನಲ್ಲಿ ಬಳ್ಳಿ ಚಪ್ಪರ, ಗೊಬ್ಬರದ ಗುಂಡಿ, ಡ್ರಮ್ಮು.

ಗೊಬ್ಬರದ ವಿಷಯ ಸ್ವಲ್ಪ ನಿಂತು ಹೇಳುತ್ತೇನೆ. ಮೊದಲ ವರ್ಷ ಒಬ್ಬರ ಹತ್ತಿರ ಒಂದು ಟ್ರ್ಯಾಕ್ಟರ್ ಲೋಡು ಕೊಟ್ಟಿಗೆ ಗೊಬ್ಬರ ತರಿಸಿದೆವು. ಅದು ಅರ್ಧಂಬರ್ಧ ಕೊಳೆತದ್ದು, ಒಳಗೆ ಇನ್ನೂ ಬಿಸಿ ಇತ್ತು. ಜೊತೆಗೆ ಗೊಣ್ಣೆಹುಳು ಬಂತು. ಜುಲೈ ಹೊತ್ತಿಗೆ ಚೆನ್ನಾಗಿದ್ದ ಮೆಣಸಿನ ಗಿಡ ಒಂದೊಂದೇ ಬಾಡಿ, ಎಳೆದರೆ ಬೇರೇ ಇಲ್ಲದೆ ಕೈಗೆ ಬರುತ್ತಿತ್ತು. ಅತ್ತೆ ಪಾಂಡವಪುರದ ಕಡೆಯವರು, ಹುಟ್ಟಿದಾಗಿನಿಂದ ತಿಪ್ಪೆ ನೋಡಿದವರು. ಅವರು ಹೇಳಿಕೊಟ್ಟ ಪರೀಕ್ಷೆ ಇದು: ಒಂದು ಹಿಡಿ ಗೊಬ್ಬರ ತಗೊಂಡು ಹಿಂಡಿ. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಸಗಣಿ ವಾಸನೆ ಬಂದರೆ, ಕೈಗೆ ಬಿಸಿ ಹತ್ತಿದರೆ, ಹುಲ್ಲು ಹುಲ್ಲಾಗೇ ಇದ್ದರೆ ಅದನ್ನು ಇನ್ನೂ ಮೂರು ತಿಂಗಳು ಮುಚ್ಚಿ ಕೊಳೆಯಲು ಬಿಡಿ. ಈಗ ನಾವು ಒಂದು ಮಡಿಗೆ 20ರಿಂದ 25 ಕೆಜಿ ಕಳಿತ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ ಹಾಕುತ್ತೇವೆ. ಹೊಸ ಸೈಟಾದರೆ ಮೊದಲ ವರ್ಷ ಗೊಬ್ಬರ ಎರಡರಷ್ಟು ಹಾಕಿ, ಬಡಾವಣೆ ಮಾಡುವಾಗ ಮೇಲ್ಮಣ್ಣೆಲ್ಲ ಕೆರೆದು ಹೋಗಿರುತ್ತದೆ.

ಜೀವಾಮೃತ, ಅಂದರೆ ಸಗಣಿ ಗಂಜಲ ಹುದುಗಿಸಿದ ದ್ರವ ಗೊಬ್ಬರ, ಮಾಡುವವರಿಗೆ ಸಣ್ಣ ಅಳತೆ: 20 ಲೀಟರ್ ನೀರಿಗೆ ಒಂದು ಕೆಜಿ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, ತಲಾ 200 ಗ್ರಾಂ ಬೆಲ್ಲ ಮತ್ತು ಕಡಲೆಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿಟ್ಟು ದಿನಕ್ಕೆ ಎರಡು ಸಲ ಕದಡಿ, ಎರಡು ದಿನ ಬಿಟ್ಟು ಬಳಸಿ. ಬೆಲ್ಲಕ್ಕೆ ಮಂಡ್ಯ ಪಕ್ಕದಲ್ಲೇ ಇದೆ, ಕಪ್ಪು ಬೆಲ್ಲ ಆದರೂ ನಡೆಯುತ್ತದೆ.

ಮೊದಲ ಮಳೆ: ಭರಣಿಯಿಂದ ಆರಿದ್ರದವರೆಗೆ

ಏಪ್ರಿಲ್ 27ರ ಸುಮಾರಿಗೆ ಭರಣಿ ಮಳೆ ನಕ್ಷತ್ರ ಹುಟ್ಟುತ್ತದೆ. ಒಂದೆರಡು ಒಳ್ಳೆ ಮಳೆ ಬಿದ್ದು ನೆಲ ಒಂದು ಗೇಣು ನೆನೆಯುವವರೆಗೆ ಕಾಯಿರಿ. ಮೇಲಿನ ಎರಡು ಅಂಗುಲ ಒದ್ದೆಯಾಗಿದ್ದಕ್ಕೇ ಬೀಜ ಹಾಕಿದರೆ ಮೊಳಕೆ ಬಂದು ಒಣಗುತ್ತದೆ.

ನೆಲ ನೆಂದ ಮೇಲೆ ಮೊದಲು ಹಾಕುವುದು ಬಳ್ಳಿಗಳು: ಹೀರೆ, ಪಡವಲ, ಸೋರೆ, ಹಾಗಲ, ಸಿಹಿಗುಂಬಳ. ಒಂದು ಅಡಿ ಗುಂಡಿ, ಅದರಲ್ಲಿ ಒಂದು ಮಂಕರಿ ಗೊಬ್ಬರ, ಮೂರು ಬೀಜ, ಮೊಳಕೆ ಬಂದ ಮೇಲೆ ಬಲವಾದ ಒಂದನ್ನೋ ಎರಡನ್ನೋ ಉಳಿಸಿ. ಹಾಗಲ, ಪಡವಲದ ಸಿಪ್ಪೆ ಗಟ್ಟಿ, ಬೀಜವನ್ನು ರಾತ್ರಿ ನೆನೆಹಾಕಿ. ಐದು ಜನರ ಮನೆಗೆ ಹೀರೆ ಎರಡು ಗುಂಡಿ, ಉಳಿದವು ಒಂದೊಂದೇ ಗುಂಡಿ ಸಾಕು. ಇದಕ್ಕಿಂತ ಜಾಸ್ತಿ ಹಾಕಿದರೆ ತಿನ್ನುವವರು ಯಾರು?

ಚಪ್ಪರ ಗಟ್ಟಿಯಾಗಿರಲಿ. ಆಷಾಢದ ಗಾಳಿಗೆ ನಮ್ಮ ಎರಡನೇ ವರ್ಷದ ಚಪ್ಪರ ಕಾಯಿ ಸಮೇತ ಮಲಗಿತು. ಈಗ ಸರ್ವೆ ಕಂಬವನ್ನು ಎರಡು ಅಡಿ ಆಳಕ್ಕೆ ಹೂತು, ನೈರುತ್ಯದ ಕಡೆಯಿಂದ ತಂತಿಯಲ್ಲಿ ಎಳೆದು ಕಟ್ಟುತ್ತೇವೆ, ಗಾಳಿ ಆ ಕಡೆಯಿಂದಲೇ ಬರುವುದು.

ಇದೇ ಮೇ ತಿಂಗಳಲ್ಲಿ ಬೆಂಡೆ, ಅಲಸಂದೆ ನೇರವಾಗಿ ಬಿತ್ತಿ. ಬೆಂಡೆ ಸಾಲಿಗೆ ಎರಡು ಅಡಿ, ಗಿಡಕ್ಕೆ ಒಂದು ಅಡಿ ಅಂತರ. 45 ದಿನಕ್ಕೆ ಮೊದಲ ಕಾಯಿ. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಕೀಳಲೇಬೇಕು, ಬಿಟ್ಟರೆ ನಾರಾಗುತ್ತದೆ. ಬೆಂಡೆಗೆ ದೊಡ್ಡ ಶತ್ರು ಹಳದಿ ನಂಜು ರೋಗ, ಎಲೆಯ ನರವೆಲ್ಲ ಹಳದಿ ಆಗುತ್ತದೆ. ಬಿಳಿ ನೊಣ ಅದನ್ನು ಹರಡುತ್ತದೆ, ಬಂದ ಮೇಲೆ ಔಷಧಿ ಇಲ್ಲ, ಗಿಡ ಕಿತ್ತು ಹಾಕುವುದೇ ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಈ ರೋಗ ತಡೆಯಲೆಂದೇ ಬಂದ ತಳಿ. ನಾವು ಅದನ್ನೇ ಹಾಕುವುದು.

ಬದನೆ, ಮೆಣಸಿನಕಾಯಿ ಸಸಿ ಮಡಿಯೂ ಮೇ ತಿಂಗಳಿನಲ್ಲೇ. ಅರ್ಧ ಅಂಗುಲಕ್ಕಿಂತ ಆಳಕ್ಕೆ ಬೀಜ ಹೋಗಬಾರದು. ಮೇಲೆ ಒಣಹುಲ್ಲು ಮುಚ್ಚಿ, ಮೊಳಕೆ ಕಂಡ ದಿನವೇ ತೆಗೆಯಿರಿ. 30–35 ದಿನದ ಸಸಿಯನ್ನು ಜೂನ್‌ನಲ್ಲಿ ಸಂಜೆ ಹೊತ್ತು ನಾಟಿ ಮಾಡಿ. ಜೂನ್ 22ರ ಸುಮಾರಿಗೆ ಆರಿದ್ರ. 'ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ' ಅನ್ನುತ್ತಾರಲ್ಲ, ಹೊಲಕ್ಕೆ ಹೇಳಿದ ಮಾತಾದರೂ ನಾಟಿ ಮಾಡಿದ ಸಸಿಗೂ ಆ ಸೋನೆ ಮಳೆ ಅಮೃತವಿದ್ದ ಹಾಗೆ.

ತುಂತುರಿನ ತಿಂಗಳುಗಳು

ಜುಲೈ, ಆಗಸ್ಟ್‌ನಲ್ಲಿ ನೀರು ಹಾಯಿಸುವ ಕೆಲಸ ಕಡಿಮೆ, ಕಣ್ಣಿಟ್ಟು ನೋಡುವ ಕೆಲಸ ಜಾಸ್ತಿ.

ಬಳ್ಳಿಯಲ್ಲಿ ಹೂ ತುಂಬಾ ಬಿಟ್ಟು ಕಾಯಿ ಕಚ್ಚದೆ ಉದುರುತ್ತಿದೆ ಅಂದರೆ ಮೋಡಕ್ಕೆ ಜೇನು ಬರುತ್ತಿಲ್ಲ ಅಂತ ಅರ್ಥ. ಆಗ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಹೊತ್ತು ಮಾತ್ರ ಗಮನದಲ್ಲಿರಲಿ: ಕುಂಬಳ, ಹಾಗಲದ ಹೂ ಬೆಳಗಿನ ಜಾವ ಅರಳುತ್ತದೆ, ಹೀರೆ, ಸೋರೆ, ಪಡವಲದ್ದು ಸಂಜೆ. ನಮ್ಮ ಮಗಳು ಶಾಲೆಯಿಂದ ಬಂದು ಮಾಡುವ ಕೆಲಸ ಇದು, ಹೀರೆ ಚಪ್ಪರ ಪೂರ್ತಿ ಅವಳದ್ದೇ ಜವಾಬ್ದಾರಿ. ಪಡವಲಕಾಯಿ ಸುರುಳಿ ಸುತ್ತದೆ ನೆಟ್ಟಗೆ ಬೆಳೆಯಲು ತುದಿಗೆ ಸಣ್ಣ ಕಲ್ಲು ಕಟ್ಟುವುದು ಮಗನದ್ದು.

ಹಾಗಲ, ಹೀರೆ ಎಳೆಗಾಯಿಯಲ್ಲೇ ಒಂದು ಕಡೆ ಕೊಳೆತು ಒಳಗೆ ಬಿಳಿ ಹುಳು ಕಂಡರೆ ಅದು ಹಣ್ಣು ನೊಣ. ಬಿದ್ದ ಕಾಯನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ, ಒಂದೂವರೆ ಅಡಿ ಆಳಕ್ಕೆ ಹೂಳಿ. ಎಳೆಗಾಯಿಗೆ ಕಾಗದದ ಚೀಲ ಕಟ್ಟಿದರೆ ನೊಣಕ್ಕೆ ಮುಟ್ಟಲು ಆಗುವುದಿಲ್ಲ. ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ತರುವುದಾದರೆ ಬಳ್ಳಿ ತರಕಾರಿಯದ್ದು ಅಂತ ಕೇಳಿ ತನ್ನಿ, ಮಾವಿನ ನೊಣದ ಬಲೆ ಬೇರೆ.

ಈಗ ಬದನೆ. ಮೈಸೂರಿನವರಾಗಿ ಈರನಗೆರೆ ಬದನೆ ಬೆಳೆಯದಿದ್ದರೆ ಹೇಗೆ? ತಿಳಿ ಹಸಿರು ಬಣ್ಣ, ವಾಂಗಿಬಾತಿಗೆ ಅದರ ರುಚಿಯೇ ರುಚಿ. ಒಂದು ಕಾಲಕ್ಕೆ ಊರೊಳಗಿನ ಈರನಗೆರೆಯ ತೋಟಗಳಲ್ಲಿ ಬೆಳೆಯುತ್ತಿದ್ದ ಕಾಯಿ, ಆ ತೋಟಗಳು ಮನೆಗಳಾದವು. ಬೀಜ ಸಿಕ್ಕರೆ ಬಿಡಬೇಡಿ, ಒಂದು ಮಡಿ ಅದಕ್ಕೇ ಇಡಿ. ಬದನೆಗೆ ಕಾಟ ಕೊಡುವುದು ಕುಡಿ ಮತ್ತು ಕಾಯಿ ಕೊರಕ. ಒಂದು ಬೆಳಗ್ಗೆ ನೋಡಿದರೆ ಗಿಡದ ತುದಿ ಮಾತ್ರ ಬಾಡಿ ಜೋತಿರುತ್ತದೆ. ನೀರು ಸಾಲದು ಅಂತ ಹೊಸಬರು ನೀರು ಹಾಕುತ್ತಾರೆ. ಅದಲ್ಲ, ಕುಡಿಯೊಳಗೆ ಹುಳು ಕೂತಿದೆ. ಬಾಡಿದ ಜಾಗಕ್ಕಿಂತ ಒಂದೆರಡು ಅಂಗುಲ ಕೆಳಗೆ ಕತ್ತರಿಸಿ, ಸುಟ್ಟುಬಿಡಿ. ವಾರಕ್ಕೊಂದು ದಿನ, ನಾವು ಭಾನುವಾರ ಮಾಡುತ್ತೇವೆ, ತಪ್ಪದೆ ಇದೊಂದನ್ನೇ ಮಾಡಿದರೂ ಕಾಯಿಗೆ ಹುಳು ಬೀಳುವುದು ಬಹಳ ಕಡಿಮೆ ಆಗುತ್ತದೆ. ಜೊತೆಗೆ ಬೇವಿನ ಬೀಜದ ಕಷಾಯ: 50 ಗ್ರಾಂ ಬೀಜ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಚೂರು ಸೋಪು ಕದಡಿ ಸಂಜೆ ಸಿಂಪಡಿಸಿ. ಕಾಯಿ ಕಡಿಮೆಯಾದ ಗಿಡವನ್ನು ಕಿತ್ತು ಎಸೆಯಬೇಡಿ. ನೆಲದಿಂದ ಮುಕ್ಕಾಲು ಅಡಿ ಬಿಟ್ಟು ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಡಿ. ಕಬ್ಬಿನ ಕೂಳೆ ಚಿಗುರುವ ಹಾಗೆ ಚಿಗುರಿ ಮತ್ತೊಂದು ಬೆಳೆ ಕೊಡುತ್ತದೆ.

ಜುಲೈ ಕೊನೆ ಅಥವಾ ಆಗಸ್ಟ್ ಮೊದಲಲ್ಲಿ ಅವರೆ ಬಿತ್ತಿ. ಸೊಗಡಿನ ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುತ್ತದೆ, ಬೇಸಿಗೆಯಲ್ಲಿ ಬಿತ್ತಿದರೆ ಬರೀ ಸೊಪ್ಪು. ಯಾವಾಗ ಬೇಕಾದರೂ ಕಾಯಿ ಕೊಡುವ ಹೆಬ್ಬಾಳ ಅವರೆ ತಳಿಗಳಿವೆ, ಅನುಕೂಲವೇ. ಆದರೆ ಹಿತಕಿದ ಬೇಳೆ ಸಾರಿಗೆ ಸಂಕ್ರಾಂತಿಯ ನಾಟಿ ಅವರೆಯ ಘಮ ಬೇರೆಯೇ.

ಸೊಪ್ಪು ವರ್ಷಪೂರ್ತಿ ಒಂದು ಮಡಿಯಲ್ಲಿ ಇದ್ದೇ ಇರಲಿ. ದಂಟು, ಕೀರೆ, ಸಬ್ಬಸಿಗೆ, ಮೆಂತ್ಯ, ಚಕ್ಕೋತ, ಮೂಲೆಯಲ್ಲಿ ಹೊನಗೊನ್ನೆ. ಮೆಂತ್ಯ 25 ದಿನಕ್ಕೆ, ದಂಟು ಒಂದು ತಿಂಗಳಿಗೆ ಸಿಗುತ್ತದೆ. ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಮಾಡುವ ಮನೆಯಲ್ಲಿ ಸೊಪ್ಪಿನ ಮಡಿ ಖಾಲಿ ಇರಬಾರದು ಅಲ್ವಾ.

ದಸರೆಯಿಂದ ಸಂಕ್ರಾಂತಿ

ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್‌ನಲ್ಲಿ ಚಿತ್ತೆ. ಈ ಮಳೆಯಲ್ಲಿ ಟೊಮೆಟೊ ನಾಟಿ ಮಾಡಿದರೆ ಎಲೆ ಅಂಗಮಾರಿಗೆ ಸುಟ್ಟ ಹಾಗಾಗುತ್ತದೆ. ನಾವು ದಸರೆ ಹೊತ್ತಿಗೆ ಟೊಮೆಟೊ, ನವಿಲುಕೋಸು, ಎಲೆಕೋಸು ಬೀಜವನ್ನು ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿ ಗುಳಿ ತಟ್ಟೆ) ಹಾಕಿ ಸಜ್ಜಾದ ಕೆಳಗೆ ಇಡುತ್ತೇವೆ. ದೀಪಾವಳಿ ಸುತ್ತಮುತ್ತ ಮಳೆ ಬಿಡುವು ಕೊಟ್ಟ ಮೇಲೆ ಮಡಿಗೆ. ಮಳೆಗಾಲದಲ್ಲಿ ಮಡಿಯ ನಡುವೆ ನೀರು ನಿಲ್ಲದ ಹಾಗೆ ಕಾಲುವೆ ಬಿಡಿಸಿ, ಅದನ್ನು ಚರಂಡಿಯ ಕಡೆಗಲ್ಲ, ಒಂದು ಇಂಗುಗುಂಡಿಗೆ ತಿರುಗಿಸಿ.

ನನ್ನ ಪ್ರಕಾರ ಮೈಸೂರಿನಲ್ಲಿ ತರಕಾರಿಗೆ ಅತಿ ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಹೊಸದಾಗಿ ಶುರುಮಾಡುವವರು ಧೈರ್ಯ ಸಾಲದಿದ್ದರೆ ಈ ಮೂರು ತಿಂಗಳು ಮಾತ್ರ ಮಾಡಿ ನೋಡಿ. ಕ್ಯಾರೆಟ್, ಬೀಟ್ರೂಟ್, ಮೂಲಂಗಿ, ಹುರುಳಿಕಾಯಿ ನೇರವಾಗಿ ಬಿತ್ತಿ, ಕ್ಯಾರೆಟ್ ಮೂಲಂಗಿಗಳನ್ನು ಕಿತ್ತು ನೆಟ್ಟರೆ ಗೆಡ್ಡೆ ಸೀಳುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದಲೋ ಗುಂಡುಕಲ್ಲಿನಿಂದಲೋ ಮೆಲ್ಲಗೆ ಎರಡು ಹೋಳು ಮಾಡಿ, ನೆನೆಸಿ ಹಾಕಿ. ನವಿಲುಕೋಸು ಕಿತ್ತಳೆ ಹಣ್ಣಿನ ಗಾತ್ರಕ್ಕೆ ಬಂದಾಗಲೇ ಕೀಳಬೇಕು, ದೊಡ್ಡದಾಗಲಿ ಅಂತ ಬಿಟ್ಟರೆ ಕಟ್ಟಿಗೆ.

ಯಾವುದನ್ನೂ ಒಂದೇ ದಿನ ಪೂರ್ತಿ ಮಡಿಗೆ ಬಿತ್ತಬೇಡಿ. ಮೊದಲ ಚಳಿಗಾಲ ಒಂದು ಮಡಿ ಪೂರ್ತಿ ಮೂಲಂಗಿ ಹಾಕಿದೆವು, ಎಲ್ಲವೂ ಒಂದೇ ವಾರ ಕೊಯ್ಲಿಗೆ ಬಂತು, ಬೀದಿಯವರಿಗೆಲ್ಲ ಕೊಟ್ಟರೂ ಉಳಿದದ್ದು ಬೆಂಡಾಯಿತು. ಈಗ ಹತ್ತು ದಿನಕ್ಕೆ ಎರಡು ಸಾಲು. ಕ್ಯಾಲೆಂಡರಿನಲ್ಲಿ ಬಿತ್ತಿದ ದಿನ ಗುರುತು ಹಾಕುತ್ತೇವೆ.

ಟೊಮೆಟೊಗೆ ಎರಡು ಅಡಿ ಅಂತರ, ನಾಟಿ ಮಾಡಿದ ಮೂರನೇ ವಾರಕ್ಕೇ ಕೋಲು. ನೆಲಕ್ಕೆ ತಾಗುವ ಎಲೆಗಳನ್ನು ಕಿತ್ತುಬಿಡಿ, ರೋಗ ಮಣ್ಣಿನಿಂದಲೇ ಚಿಮ್ಮಿ ಹತ್ತುವುದು. ಕಾಯಿಯ ತಳ ಕಪ್ಪಾಗಿ ಕುಳಿ ಬಿದ್ದರೆ ಹುಳುವಿನ ಕೆಲಸವಲ್ಲ. ಒಂದು ದಿನ ತುಂಬ ನೀರು, ನಾಲ್ಕು ದಿನ ಒಣಗು, ಹೀಗೆ ಏರುಪೇರಾದಾಗ ಗಿಡಕ್ಕೆ ಸುಣ್ಣದ ಅಂಶ ಸರಿಯಾಗಿ ಸಿಗದೆ ಹಾಗಾಗುತ್ತದೆ. ಮಡಿಯ ಅಂಚಿಗೆ ಚೆಂಡುಹೂ ಹಾಕಿ, ಕಾಯಿ ಕೊರೆಯುವ ಹುಳುವಿನ ತಾಯಿ ಚಿಟ್ಟೆ ಅಲ್ಲಿ ಮೊಟ್ಟೆ ಇಡುತ್ತದೆ, ಹೂ ಹಬ್ಬಕ್ಕೂ ಆಗುತ್ತದೆ. ಅರ್ಕಾ ರಕ್ಷಕ್ ತಳಿ ಎಲೆ ಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್ ಆದ್ದರಿಂದ ಬೀಜ ಮಾತ್ರ ಪ್ರತಿ ವರ್ಷ ಹೊಸದು.

ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಲ. ಬದನೆ ಇದ್ದ ಮಡಿಗೆ ಟೊಮೆಟೊ ಹಾಕಬೇಡಿ, ಹುರುಳಿಕಾಯಿಯನ್ನೋ ಅಲಸಂದೆಯನ್ನೋ ಹಾಕಿ, ಮಣ್ಣಿಗೂ ಒಳ್ಳೆಯದು.

ಬೇಸಿಗೆ

ಫೆಬ್ರವರಿ ಮಧ್ಯದಿಂದ ಹತ್ತು ಮಡಿಗೂ ನೀರು ಹೊಂದಿಸಲು ಹೋಗಬೇಡಿ. ನಾವು ನಾಲ್ಕೇ ಮಡಿ ಇಟ್ಟುಕೊಳ್ಳುತ್ತೇವೆ, ದಿನಕ್ಕೆ ಸುಮಾರು 130 ಲೀಟರ್, ಅಂದರೆ 15 ಲೀಟರಿನ ಎಂಟೊಂಬತ್ತು ಬಕೆಟ್. ಅದರಲ್ಲಿ ದಂಟು, ಸೌತೆ, ಬೆಂಡೆ, ಕೂಳೆ ಬದನೆ. ಮಿಕ್ಕ ಮಡಿಗಳ ಮೇಲೆ ಕಬ್ಬಿನ ತರಗು ಹೊದಿಸಿ ಬಿಡುತ್ತೇವೆ. ಮಂಡ್ಯ ಕಡೆ ಗದ್ದೆಯಲ್ಲಿ ಅದನ್ನು ಸುಮ್ನೆ ಸುಡುತ್ತಾರೆ, ಕೇಳಿದರೆ ಕೊಡುತ್ತಾರೆ. ಒಂದು ಎಚ್ಚರ, ಪೂರ್ತಿ ಒಣಗಿದ ತರಗಿಗೆ ಗೆದ್ದಲು ಹತ್ತುತ್ತದೆ, ಆಗಾಗ ಎತ್ತಿ ನೋಡಿ.

ಬೀಜ ಎತ್ತಿಡುವ ಕಾಲವೂ ಇದೇ. ಅವರೆ, ಅಲಸಂದೆ ಗಿಡದಲ್ಲೇ ಒಣಗಲಿ. ಬದನೆ ಪೂರ್ತಿ ಹಳದಿಯಾಗಿ ಮೆತ್ತಗಾಗುವವರೆಗೆ ಒಂದೆರಡು ಒಳ್ಳೆಯ ಕಾಯಿ ಗಿಡದಲ್ಲೇ ಬಿಡಿ, ಆಮೇಲೆ ನೀರಿನಲ್ಲಿ ಕಿವುಚಿ, ಮುಳುಗಿದ ಬೀಜ ಮಾತ್ರ ತೆಗೆದು ನೆರಳಲ್ಲಿ ಒಣಗಿಸಿ. ಅತ್ತೆ ಎಲ್ಲವನ್ನೂ ಬೂದಿಯಲ್ಲಿ ಕಲಸಿ ಡಬ್ಬಿಗೆ ಹಾಕುತ್ತಾರೆ, ಮೇಲೆ ಹೆಸರು, ವರ್ಷ ಬರೆಯುವುದು ಮಕ್ಕಳ ಕೆಲಸ.

ಕೊನೆಯದಾಗಿ, ಮಾಲೀಕರು ಮನೆ ಕಟ್ಟುತ್ತೇವೆ ಅಂತ ಹೇಳುವ ದಿನ ಬಂದೇ ಬರುತ್ತದೆ. ನಮಗೂ ಈ ವರ್ಷ ಹೇಳಿದ್ದಾರೆ. ಪಾಯ ತೋಡುವಾಗ ಮೇಲಿನ ಅರ್ಧ ಅಡಿ ಮಣ್ಣು ಹೇಗೂ ಲಾರಿಯಲ್ಲಿ ಆಚೆ ಹೋಗುತ್ತದೆ, ಆದ್ದರಿಂದ ಅವರನ್ನು ಕೇಳಿ, ಮುಂಚೆಯೇ ಆ ಮಣ್ಣನ್ನು ಚೀಲಕ್ಕೆ ತುಂಬಿಕೊಳ್ಳಿ. ನಾವು 60 ಚೀಲ ತುಂಬಿ ಮನೆ ಹಿಂದೆ ಇಟ್ಟಿದ್ದೇವೆ. ಎರಡು ರಸ್ತೆ ಆಚೆ ಇನ್ನೊಂದು ಸೈಟು ನೋಡಿ ಬಂದಿದ್ದೇವೆ, 30×40, ಪಾರ್ಥೇನಿಯಂ ಎದೆಮಟ್ಟ ಇದೆ. ಭರಣಿಗೆ ಮುಂಚೆ ಕೀಳಬೇಕು.